ಚಟದ ಬೀಗ ಹುಡುಕಿದ ಚರಿತ್ರೆ

ನಮ್ಮ ಆದೋನಿ ಸೀಮೆಯ ಕುಡಿತದ ಚರಿತ್ರೆ ಬರೀಬೇಕಂದ್ರೆ ಮೊದಲು ಕಾಯಿದೆಯ ಮಾತು ಬರತೈತಿ. 1953ರ ಅಕ್ಟೋಬರ್ 1ರ ತನಕ ನಾವು ಬಳ್ಳಾರಿ ಜಿಲ್ಲೆಯೊಳಗೆ, ಮದ್ರಾಸು ಸರ್ಕಾರದ ಕೆಳಗಿದ್ದವರು. ಆ ಸರ್ಕಾರ 1948ರಲ್ಲಿ ತನ್ನ ಸೀಮೆಗೆಲ್ಲ ಪಾನನಿಷೇಧ ಹಾಕಿತ್ತು. ಆಂಧ್ರಕ್ಕೆ ಸೇರಿದ ಮೇಲೆ ಮುಂದೆ ಅದು ಸಡಿಲಾಯಿತು, ಸಾರಾಯಿ ಹರಾಜು ಬಂತು. ಹತ್ತಿ ಮಾರಲಿಕ್ಕೆ ಆದೋನಿ ಯಾರ್ಡಿಗೆ ಹೋದ ರೈತ ಊರು ಮುಟ್ಟೋದ್ರೊಳಗೆ ಅರ್ಧ ರೊಕ್ಕ ಕರಗಿರ್ತಿತ್ತು.

1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು ಎದ್ದರು. ಅಕ್ಷರ ಕಲಿಯೋ ರಾತ್ರಿ ಶಾಲೆಯ ಪುಸ್ತಕದಾಗ ಕುಡುಕ ಗಂಡನ ಪಾಠ ಓದಿ, ಊರ ಸಾರಾಯಿ ಅಂಗಡಿ ಮುಚ್ಚಿಸಿದರು. ಓದು ಏನು ಮಾಡತೈತಿ ಅನ್ನೋರಿಗೆ ಇದನ್ನ ಹೇಳಬೇಕು. ಆ ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿತು. ನಮ್ಮ ಕರ್ನೂಲು ಜಿಲ್ಲೆಯವರೇ ಆದ ಕೋಟ್ಲ ವಿಜಯಭಾಸ್ಕರ ರೆಡ್ಡಿ ಮುಖ್ಯಮಂತ್ರಿ ಇದ್ದಾಗ, 1993ರ ಅಕ್ಟೋಬರ್ 1ಕ್ಕೆ ಸಾರಾಯಿ ನಿಂತಿತು. 1995ರ ಜನವರಿ 16ಕ್ಕೆ ಎನ್.ಟಿ. ರಾಮರಾವ್ ಸರ್ಕಾರದ ಪೂರ್ತಿ ಪಾನನಿಷೇಧ. 1997ಕ್ಕೆ ಅದೂ ಸಡಿಲ.

ನಾನಾಗ ದಮ್ಮಡಿ ಹಿಡಿದು ಕುಡಿತದ ವಿರುದ್ಧ ಊರೂರು ಹಾಡಿದವ. ಎಷ್ಟೋ ಮನೆಯ ಒಲೆ ಹೊತ್ತಿದ್ದು ಕಂಡೀನಿ, ಅದನ್ನ ಸಣ್ಣದು ಅನ್ನಬ್ಯಾಡ್ರಿ. ಆದರೆ ಬೆಳಿಗ್ಗೆ ಎದ್ದರೆ ಕೈ ನಡುಗುವ ಕೆಲವರು ಗಡಿ ದಾಟಿ ಸಿರುಗುಪ್ಪದ ಕಡೆ ನಡೆದರು. ಕರ್ನಾಟಕದಾಗ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದವನೇ ಸಂಜೆಗೆ ಕುಡಿದು ಬರ್ತಿದ್ದ. ಊರು ಅವನನ್ನ ಮಾನಗೆಟ್ಟವ ಅಂತು. ಆಣೆ ಸುಳ್ಳಿರಲಿಲ್ಲ, ಮೈಯಾಗ ಬೇರೆ ಏನೋ ಇತ್ತು.

ಅದೇನು ಅನ್ನೋದರ ಚರಿತ್ರೆ ವೈದ್ಯರ ಕಡೆ ಐತಿ. ನಮ್ಮೂರ ಮೇಷ್ಟ್ರೊಬ್ಬರು ಕೂತು ತಿಳಿಸಿ ಹೇಳಿದ್ದನ್ನ ನನ್ನ ಮಾತಿನಾಗ ಬರೀತೀನಿ. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರಾಪೋರ್ಟ್, ಗ್ರೀನ್, ಪೇಜ್ ಅನ್ನೋರು ರಕ್ತದಿಂದ ಒಂದು ರಸ ಬೇರೆ ಮಾಡಿದರು. ರಕ್ತನಾಳವನ್ನ ಬಿಗಿ ಮಾಡತೈತಿ ಅಂತ ಅದಕ್ಕೆ ಸೆರೊಟೋನಿನ್ ಅಂತ ಹೆಸರಿಟ್ಟರು. ಇಟಲಿಯ ಎರ್ಸ್‌ಪಾಮರ್ 1930ರ ದಶಕದಲ್ಲೇ ಕರುಳಿನಾಗ ಕಂಡಿದ್ದೂ ಇದೇ ರಸ ಅಂತ ಆಮೇಲೆ ಗೊತ್ತಾಯ್ತು. ಈಗಲೂ ನಮ್ಮ ಮೈಯ ಸೆರೊಟೋನಿನ್ ಬಹುಪಾಲು ಇರೋದು ಹೊಟ್ಟೆಯೊಳಗೇ. ಅದಕ್ಕೂ ಮನಸ್ಸಿಗೂ ನಂಟು ತೋರಿಸಿದ್ದರಲ್ಲಿ ನಮ್ಮ ದೇಶದ ಸರ್ಪಗಂಧದ ಬೇರಿಗೂ ಪಾಲೈತಿ. 1931ರಲ್ಲೇ ಸೇನ್, ಬೋಸ್ ಎಂಬ ಇಬ್ಬರು ವೈದ್ಯರು ಈ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಬರತೈತಿ ಅಂತ ಬರೆದಿದ್ದರು. ಅದರಿಂದ ತೆಗೆದ ರೆಸರ್ಪಿನ್ ಮದ್ದು ಮಿದುಳಿನ ಸೆರೊಟೋನಿನ್ ಬರಿದು ಮಾಡತೈತಿ ಅಂತ 1955ರಲ್ಲಿ ಅಮೆರಿಕದ ಬ್ರೋಡಿಯವರ ಗುಂಪು ಕಂಡಿತು.

ರಸ ಇದ್ದರಷ್ಟೇ ಸಾಲದು. ಅದು ಬೀಗದೊಳಗಿನ ಕೀಲಿಯಂಗೆ ಜೀವಕೋಶದ ಮೇಲೆ ಕೂಡೋ ಜಾಗ ಬೇಕು. ಅದಕ್ಕೆ ರಿಸೆಪ್ಟರ್ ಅಂತಾರೆ. 1957ರಲ್ಲಿ ಗ್ಯಾಡಮ್, ಪಿಕರೆಲ್ಲಿ ಇಬ್ಬರೂ ಗಿನಿಯಿಲಿಯ ಕರುಳಿನಾಗ ಇಂಥ ಎರಡು ಜಾತಿ ಬೀಗ ಕಂಡರು. ಇವತ್ತಿಗೆ ಅವು ಏಳು ಮನೆತನ, ಹದಿನಾಲ್ಕು ಜಾತಿ. ಮೂರನೇ ಮನೆತನದ ಬೀಗ ನಮ್ಮ ವಿಷಯದ್ದು. ಹೆಂಡ ಒಳಗೆ ಹೋದರೆ ಈ ಬೀಗದ ಕೆಲಸ ಜೋರಾಗಿ, ಡೋಪಮಿನ್ ಅನ್ನೋ ಇನ್ನೊಂದು ರಸ ಉಕ್ಕತೈತಿ. "ಇನ್ನಷ್ಟು ಬೇಕು" ಅನ್ನಿಸೋದರಲ್ಲಿ ಅದರ ಕೈವಾಡ ದೊಡ್ಡದು.

ಆ ಬೀಗ ಮುಚ್ಚೋ ಒಂದು ಮಾತ್ರೆ ನಮಗೆ ಗೊತ್ತಿರೋದೇ. ವಾಂತಿಗೆ ಕೊಡೋ ಒಂಡಾನ್ಸೆಟ್ರಾನ್. 2000ದಲ್ಲಿ ಅಮೆರಿಕದಾಗ ಜಾನ್ಸನ್ ಎಂಬ ವೈದ್ಯರ ತಂಡ 271 ಕುಡುಕರ ಮೇಲೆ ಇದನ್ನ ಪರೀಕ್ಷೆ ಮಾಡಿತು. 25 ವಯಸ್ಸಿನೊಳಗೇ ಚಟ ಅಂಟಿಸಿಕೊಂಡವರಲ್ಲಿ ಕುಡಿತ ತಗ್ಗಿತು, ತಡವಾಗಿ ಹತ್ತಿದವರಲ್ಲಿ ಅಂಥ ಗುಣ ಕಾಣಲಿಲ್ಲ. ಅಂದ್ರೆ ಕುಡುಕರೆಲ್ಲ ಒಂದೇ ತರದವರಲ್ಲ. ಇಷ್ಟು ತಿಳಿದಿದ್ದೇ ನನಗೆ ದೊಡ್ಡದು ಅನ್ನಿಸ್ತು. ಹಂಗಂತ ಅಂಗಡಿಗೆ ಹೋಗಿ ವಾಂತಿ ಮಾತ್ರೆ ತಂದು ಕೊಡಬ್ಯಾಡ್ರಿ. ಕುಡಿತಕ್ಕೆ ಅಂತ ಅದಕ್ಕಿನ್ನೂ ಒಪ್ಪಿಗೆ ಸಿಕ್ಕಿಲ್ಲ.

ಒಪ್ಪಿಗೆ ಇರೋ ಮದ್ದುಗಳು ಬೇರೆ. ಡೈಸಲ್ಫಿರಾಮ್ ತಿಂದು ಕುಡಿದರೆ ಮುಖ ಕೆಂಪಾಗಿ, ಎದೆ ಬಡಕೊಂಡು, ವಾಂತಿ ಆಗತೈತಿ. ನಾಲ್ಟ್ರೆಕ್ಸೋನ್ ಕುಡಿತದ ಸುಖವನ್ನೇ ಕುಗ್ಗಿಸತೈತಿ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಚಟಕ್ಕೆ ಅಂತಲೇ ಬೇರೆ ವಿಭಾಗ ಐತಿ. ನಮ್ಮ ಕಡೆ ತಾಯಂದಿರು ಡೈಸಲ್ಫಿರಾಮ್ ಪುಡಿ ಮಾಡಿ ಗುಟ್ಟಾಗಿ ಸಾರಿನಾಗ ಕಲಸ್ತಾರೆ. ಗೊತ್ತಿಲ್ಲದೆ ಅವನು ಮೇಲೆ ಕುಡಿದರೆ ಜೀವಕ್ಕೇ ಸಂಚಕಾರ. ದಿನಾ ಕುಡಿಯೋನನ್ನ ಕೋಣೆಯಾಗ ಕೂಡಿ ಹಾಕಿ ಒಮ್ಮೆಲೇ ಬಿಡಿಸಿದರೂ ಫಿಟ್ಸ್ ಬಂದು ಸಾಯೋದುಂಟು. ಅಂಥವನನ್ನ ಮೊದಲು ದವಾಖಾನೆಗೆ ಕರಕೊಂಡು ಹೋಗ್ರಿ, ದಿನಕ್ಕೆ ಎಷ್ಟು ಕುಡೀತಾನೆ ಅನ್ನೋದನ್ನ ಮುಚ್ಚಿಡದೆ ಹೇಳ್ರಿ.