ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಹೋರಾಟ ಮತ್ತು ಸ್ವಯಂಸೇವಾ ಸಲಹೆಗಾರರು: ಬೆಂಗಳೂರಿನಿಂದ ರಾಮನಗರ ಸೀಮೆಯವರೆಗೆ

ಕರ್ನಾಟಕದ ಸಾಮಾಜಿಕ ಚಳವಳಿಗಳ ಚರಿತ್ರೆಯನ್ನು ಬರೆಯುವಾಗ ನಾಯಕರು, ಸಂಘಟನೆಗಳು, ಪ್ರತಿಭಟನೆಗಳು ಹಾಗೂ ಶಾಸನಗಳು ಸಹಜವಾಗಿಯೇ ಮುನ್ನೆಲೆಗೆ ಬರುತ್ತವೆ. ಸಂಘಟನೆಯ ಪಕ್ಕದಲ್ಲಿ ಕುಳಿತು ಅರ್ಜಿ ಬರೆದುಕೊಟ್ಟವರು, ಅವೇಳೆಯಲ್ಲಿ ಪೊಲೀಸ್ ಠಾಣೆಗೆ ಹೋಗಿ ಜಾಮೀನಿಗೆ ಓಡಾಡಿದವರು, ಸಂತ್ರಸ್ತರ ಹೇಳಿಕೆಗಳನ್ನು ದಾಖಲಿಸಿದವರು ಈ ಚರಿತ್ರೆಯ ಅಂಚಿನಲ್ಲಿ ಉಳಿದುಬಿಡುತ್ತಾರೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಹೋರಾಟದ ಮಟ್ಟಿಗೆ ಈ ಅಂಚಿನ ಕೆಲಸವೇ ಹೋರಾಟದ ಸ್ವರೂಪವನ್ನು ಬಹುಮಟ್ಟಿಗೆ ರೂಪಿಸಿತು. ವಕೀಲರು, ಸಂಶೋಧಕರು, ಲೇಖಕರು, ರಂಗಕರ್ಮಿಗಳು ಮೊದಲಾದವರು ಸಂಬಳದ ನಿರೀಕ್ಷೆಯಿಲ್ಲದೆ ನೀಡಿದ ಸಲಹೆ ಸಮುದಾಯದ ಕೈಗೆ ಹೇಗೆ ದಾಟಿತು, ಎಲ್ಲಿ ದಾಟದೆ ನಿಂತಿತು ಎಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ. ರಾಜಧಾನಿಯಲ್ಲಿ ಆರಂಭವಾದ ಈ ಚರಿತ್ರೆಯ ಪರೀಕ್ಷೆ ನಡೆಯುವುದು ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯಂತಹ ತಾಲ್ಲೂಕು ಕೇಂದ್ರಗಳಲ್ಲಿ ಎಂಬುದು ಇಲ್ಲಿಯ ವಾದ.

1. ಹೆಸರು ಮತ್ತು ಹಿನ್ನೆಲೆ

ಗಂಡು ಹೆಣ್ಣೆಂಬ ಎರಡು ಗುಂಪುಗಳಿಗೆ ಒಗ್ಗದ ಬದುಕು ಕನ್ನಡ ನಾಡಿಗೆ ಹೊಸದಲ್ಲ. ಮಹಾಭಾರತದ ಬೃಹನ್ನಳೆ ಮತ್ತು ಶಿಖಂಡಿಯರ ಪ್ರಸಂಗಗಳು ಕಾವ್ಯ ಹಾಗೂ ರಂಗಪರಂಪರೆಯಲ್ಲಿ ಪರಿಚಿತವಾಗಿವೆ. ಸವದತ್ತಿ ಎಲ್ಲಮ್ಮನ ಪರಂಪರೆಯ ಜೋಗಪ್ಪ, ಜೋಗತಿಯರು ಉತ್ತರ ಕರ್ನಾಟಕದ ಧಾರ್ಮಿಕ ಬದುಕಿನ ಭಾಗವಾಗಿದ್ದಾರೆ. ದಕ್ಷಿಣದ ನಗರಗಳಲ್ಲಿ ಹಿಜಡಾ ಸಮುದಾಯವು ಗುರು-ಚೇಲಾ ಸಂಬಂಧವನ್ನು ಆಧರಿಸಿದ ಮನೆತನಗಳಾಗಿ ಬದುಕಿದೆ. ಆದರೆ ಆಚರಣೆಯಲ್ಲಿ ದೊರೆತ ಸ್ಥಾನ ಕಾನೂನಿನಲ್ಲಿ ದೊರೆಯಲಿಲ್ಲ.

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗವು ‘ನಪುಂಸಕ’ರೆಂದು ಗುರುತಿಸಲಾದವರ ನೋಂದಣಿ ಪುಸ್ತಕವನ್ನು ಇಡಲು ಅಧಿಕಾರ ನೀಡಿತು. ನೋಂದಾಯಿತರು ಸಾರ್ವಜನಿಕವಾಗಿ ಸ್ತ್ರೀವೇಷ ತೊಡುವುದು ಶಿಕ್ಷಾರ್ಹವಾಯಿತು; ಅವರು ದತ್ತು ಪಡೆಯುವಂತಿರಲಿಲ್ಲ, ಮರಣಶಾಸನ ಬರೆಯುವಂತಿರಲಿಲ್ಲ. ಗುರುವಿನ ಆಸ್ತಿ ಚೇಲಾಗೆ ಸಲ್ಲುವ ಪದ್ಧತಿಯ ಬೇರಿಗೇ ಬಿದ್ದ ಪೆಟ್ಟು ಇದು. ಆ ಕಾಯ್ದೆ ಮೊದಲು ಜಾರಿಗೆ ಬಂದದ್ದು ಉತ್ತರ ಭಾರತದ ಪ್ರಾಂತ್ಯಗಳಲ್ಲಿ. ಆದರೂ ಅದರ ಭಾಷೆ ಮುಂದೆ 140 ವರ್ಷಗಳ ತರುವಾಯ ಕರ್ನಾಟಕದ ಶಾಸನವೊಂದರಲ್ಲಿ ಮರಳಿ ಕಾಣಿಸಿಕೊಂಡಿತು ಎಂಬುದನ್ನು ಮುಂದೆ ನೋಡಬಹುದು.

ಕನ್ನಡದಲ್ಲಿ ಈ ಸಮುದಾಯವನ್ನು ಕರೆಯಲು ಬಳಕೆಯಲ್ಲಿದ್ದ ಪದಗಳಲ್ಲಿ ಹಲವು ಬೈಗುಳಗಳೇ ಆಗಿದ್ದವು. ‘ಮಂಗಳಮುಖಿ’, ‘ತೃತೀಯ ಲಿಂಗಿ’, ‘ಲೈಂಗಿಕ ಅಲ್ಪಸಂಖ್ಯಾತ’, ‘ಲಿಂಗತ್ವ ಅಲ್ಪಸಂಖ್ಯಾತ’ ಎಂಬ ಪದಗಳು ಪತ್ರಿಕೆ, ಮನವಿಪತ್ರ, ಸರ್ಕಾರಿ ಆದೇಶಗಳಲ್ಲಿ ನೆಲೆಗೊಂಡುದು ಚಳವಳಿಯ ಫಲ. ಹಕ್ಕನ್ನು ಕೇಳುವ ಮುನ್ನ ಕೇಳುವವರಿಗೊಂದು ಗೌರವದ ಹೆಸರು ಬೇಕಿತ್ತು. ಅದನ್ನು ಅರ್ಜಿಯ ಮೊದಲ ಸಾಲಿನಲ್ಲಿ ಬರೆಯುವುದೇ ಸಲಹೆಗಾರರ ಮೊದಲ ಕೆಲಸವಾಯಿತೆನ್ನಬಹುದು.

2. ಸಾಕ್ಷ್ಯ ಸಂಗ್ರಹದ ಕಾಲ

1999ರಲ್ಲಿ ಬೆಂಗಳೂರಿನಲ್ಲಿ ಮನೋಹರ್ ಎಲವರ್ತಿ ಅವರ ಮುಂದಾಳತ್ವದಲ್ಲಿ ‘ಸಂಗಮ’ ಸಂಸ್ಥೆ ಆರಂಭವಾಯಿತು. 2000ದಲ್ಲಿ ಅರವಿಂದ ನಾರಾಯಣ್ ಮೊದಲಾದ ಯುವ ವಕೀಲರು ‘ಆಲ್ಟರ್ನೇಟಿವ್ ಲಾ ಫೋರಂ’ ಅನ್ನು ಕಟ್ಟಿದರು. ಪ್ರಜಾ ಸ್ವಾತಂತ್ರ್ಯಗಳ ರಕ್ಷಣೆಗಾಗಿ ದುಡಿಯುತ್ತಿದ್ದ ಪಿಯುಸಿಎಲ್‌ನ ಕರ್ನಾಟಕ ಘಟಕವು ಇದೇ ವೇಳೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ಮಾನವ ಹಕ್ಕು ಉಲ್ಲಂಘನೆಗಳನ್ನು ಕುರಿತು ಅದು 2001ರಲ್ಲಿ ಒಂದು ವರದಿಯನ್ನೂ, ಬೆಂಗಳೂರಿನ ಹಿಜಡಾ ಮತ್ತು ಕೋತಿ ಲೈಂಗಿಕ ಕಾರ್ಮಿಕರನ್ನು ಕುರಿತು 2003ರಲ್ಲಿ ಇನ್ನೊಂದು ವರದಿಯನ್ನೂ ಪ್ರಕಟಿಸಿತು.

ಈ ವರದಿಗಳ ಮಹತ್ವ ಅವುಗಳ ವಿಧಾನದಲ್ಲಿದೆ. ಅಲ್ಲಿಯವರೆಗೆ ಠಾಣೆಯಲ್ಲಿ ನಡೆದ ಹಿಂಸೆ ಠಾಣೆಯ ಹೊರಗೆ ದಾಖಲಾಗುತ್ತಿರಲಿಲ್ಲ. ದೂರು ನೀಡಬೇಕಾದ ಜಾಗವೇ ದೂರಿನ ಕಾರಣವಾಗಿತ್ತು. ವರದಿಗಳಲ್ಲಿ ಸಂತ್ರಸ್ತರ ಹೇಳಿಕೆಗಳು ದಿನ, ಸ್ಥಳ, ಘಟನೆಗಳ ಸಮೇತ ಮುದ್ರಣಗೊಂಡವು. ಹೀಗೆ ಚದುರಿದ್ದ ಅನುಭವಗಳು ಸಾಕ್ಷ್ಯದ ರೂಪ ಪಡೆದವು. ಕೇಳುವುದು, ಬರೆಯುವುದು, ಬರೆದುದನ್ನು ಹೇಳಿದವರಿಗೆ ಓದಿ ತೋರಿಸುವುದು — ಈ ಮೂರು ಸರಳ ಕೆಲಸಗಳ ಮೇಲೆ ಸ್ವಯಂಸೇವಾ ಸಲಹೆಯ ತಳಹದಿ ನಿಂತಿತು.

ತುರ್ತು ನೆರವು ಇದರ ಇನ್ನೊಂದು ಮುಖ. ಬಂಧನದ ಸುದ್ದಿ ಬಂದ ಕೂಡಲೇ ಠಾಣೆಗೆ ತೆರಳಿ, ಬಂಧನದ ಕಾರಣವನ್ನು ಕೇಳಿ, ಜಾಮೀನಿನ ವ್ಯವಸ್ಥೆ ಮಾಡುವ ತಂಡಗಳು ರೂಪುಗೊಂಡವು. ಈ ಕೆಲಸ ಅಪಾಯದಿಂದ ಮುಕ್ತವಾಗಿರಲಿಲ್ಲ. 2008ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಐವರು ಹಿಜಡಾರ ಬಂಧನವಾದಾಗ, ವಿಚಾರಿಸಲು ಹೋದ ಸಂಗಮದ ಕಾರ್ಯಕರ್ತರೂ, ಅದನ್ನು ಪ್ರತಿಭಟಿಸಿದ ಮಾನವ ಹಕ್ಕು ಹೋರಾಟಗಾರರೂ ಬಂಧನಕ್ಕೊಳಗಾದರು. ನೆರವು ನೀಡಲು ಬಂದವರು ಮತ್ತು ನೆರವು ಬೇಡಿದವರು ಒಂದೇ ಪ್ರಕರಣದ ಆರೋಪಿಗಳಾದ ಆ ಸಂದರ್ಭವು ಇಬ್ಬರ ನಡುವಿನ ಅಂತರವನ್ನು ಕಡಿಮೆ ಮಾಡಿತು.

3. ಯಾರ ಧ್ವನಿ?

ಸಲಹೆಗಾರನಿಗೆ ಕಾನೂನು ಗೊತ್ತು, ಇಂಗ್ಲಿಷ್ ಗೊತ್ತು, ಕಚೇರಿಯ ದಾರಿ ಗೊತ್ತು. ಹೀಗೆ ಗೊತ್ತಿರುವುದರಿಂದಲೇ ಅವನು ಪರರ ಪರವಾಗಿ ಮಾತನಾಡುವ ಅಭ್ಯಾಸಕ್ಕೆ ಬೀಳುವ ಸಾಧ್ಯತೆಯೂ ಇದೆ. 2014ರ ಏಪ್ರಿಲ್ 15ರಂದು ನ್ಯಾಯಮೂರ್ತಿಗಳಾದ ಕೆ. ಎಸ್. ರಾಧಾಕೃಷ್ಣನ್ ಮತ್ತು ಎ. ಕೆ. ಸಿಕ್ರಿ ಅವರ ಪೀಠವು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಕರಣದಲ್ಲಿ ನೀಡಿದ ತೀರ್ಪಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಹಿಜಡಾರ ಬದುಕನ್ನು ಕುರಿತು 2003ರಲ್ಲಿ ಪತ್ರಿಕಾ ಲೇಖನವೊಂದನ್ನು ಬರೆದಿದ್ದ ಲೇಖಕರನ್ನು ತೀರ್ಪು ಹಿಜಡಾ ವ್ಯಕ್ತಿಯೆಂದೇ ಭಾವಿಸಿ ಉಲ್ಲೇಖಿಸಿತು. ಆ ಲೇಖನದಲ್ಲಿದ್ದ ಅನುಭವದ ಮಾತುಗಳು ಲೇಖಕರಿಗೆ ಸಂದರ್ಶನ ನೀಡಿದ್ದವರದು. ಲಿಂಗತ್ವವನ್ನು ಸ್ವತಃ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿದ ತೀರ್ಪಿನಲ್ಲಿಯೇ ಹೇಳಿದವರ ಹೆಸರು ಮರೆಯಾಗಿ ಬರೆದವರ ಹೆಸರು ಉಳಿಯಿತು. ಇದು ಸಣ್ಣ ತಪ್ಪು. ಆದರೆ ಚರಿತ್ರೆಕಾರರು ಗಮನಿಸಬೇಕಾದ ತಪ್ಪು.

ಇದಕ್ಕೆ ಉತ್ತರವು ಸಮುದಾಯದೊಳಗಿನಿಂದಲೇ ಬಂದಿತ್ತು. ತಮಿಳುನಾಡಿನಿಂದ ಬಂದು ಸಂಗಮದಲ್ಲಿ ದುಡಿದ ಎ. ರೇವತಿ ಅವರು ಸಮುದಾಯದವರ ಜೀವನಕಥನಗಳನ್ನು ತಾವೇ ಸಂಗ್ರಹಿಸಿ 2004ರಲ್ಲಿ ತಮಿಳಿನಲ್ಲಿ ಪ್ರಕಟಿಸಿದರು. ಅವರ ಆತ್ಮಕಥೆ 2010ರಲ್ಲಿ ಇಂಗ್ಲಿಷಿನಲ್ಲಿ ಬಂದಿತು. ಕವಿ, ಹೋರಾಟಗಾರ್ತಿ ದು. ಸರಸ್ವತಿ ಅವರು ಅದನ್ನು ‘ಬದುಕು ಬಯಲು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಎಂ. ಗಣೇಶ್ ಅವರ ನಿರ್ದೇಶನದಲ್ಲಿ ‘ಜನಮನದಾಟ’ ತಂಡವು ಅದನ್ನು ರಂಗಕ್ಕೆ ತಂದಿತು. ಅನುವಾದಕಿಯೂ ರಂಗತಂಡವೂ ಇಲ್ಲಿ ಸಲಹೆಗಾರರ ಸ್ಥಾನದಲ್ಲಿಯೇ ಇದ್ದಾರೆ. ಆದರೆ ಕಥನದ ಒಡೆತನ ರೇವತಿಯವರದಾಗಿಯೇ ಉಳಿದಿದೆ. 2014ರಲ್ಲಿ ಅಕ್ಕಯ್ ಪದ್ಮಶಾಲಿ ಅವರು ‘ಒಂದೆಡೆ’ ಸಂಘಟನೆಯನ್ನು ಕಟ್ಟಿದುದು, 2015ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಸಂದುದು, 2019ರಲ್ಲಿ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು ಇದೇ ಬದಲಾವಣೆಯ ಮುಂದಿನ ಹಂತಗಳು. ಸಲಹೆ ಪಡೆಯುತ್ತಿದ್ದ ಸಮುದಾಯವೇ ಸರ್ಕಾರಕ್ಕೂ ಸಮಾಜಕ್ಕೂ ಸಲಹೆ ನೀಡುವ ಸ್ಥಾನಕ್ಕೆ ಬಂದಿತು.

4. ನ್ಯಾಯಾಲಯದಲ್ಲಿ

2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ, 1963ಕ್ಕೆ 36ಎ ಕಲಮನ್ನು ಸೇರಿಸಲಾಯಿತು. ಬಾಲಕರನ್ನು ಅಪಹರಿಸುವ ಅಥವಾ ಅಂಗಹೀನಗೊಳಿಸುವ, ‘ಅಸ್ವಾಭಾವಿಕ’ ಅಪರಾಧ ಎಸಗುವ ಶಂಕೆಯಿರುವ ‘ನಪುಂಸಕ’ರ ಹೆಸರು ಮತ್ತು ವಾಸಸ್ಥಳಗಳ ನೋಂದಣಿ ಪುಸ್ತಕವನ್ನು ಇಡಲು ಅದು ಪೊಲೀಸ್ ಆಯುಕ್ತರಿಗೆ ಅವಕಾಶ ನೀಡಿತು. 1871ರ ಕಾಯ್ದೆಯ ಪದಗಳೇ ಹೆಚ್ಚು ಕಡಿಮೆ ಹಾಗೆಯೇ ಮರಳಿ ಬಂದಿದ್ದವು. ಎರಡೂ ಪಠ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಲು ಚರಿತ್ರೆಯ ಅಧ್ಯಯನ ಬೇಕಾಯಿತು. ಪ್ರಶ್ನಿಸಲು ಸಂಘಟನೆ ಬೇಕಾಯಿತು. ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆಯು ಹೈಕೋರ್ಟಿನಲ್ಲಿ ಈ ಕಲಮನ್ನು ಪ್ರಶ್ನಿಸಿತು. ಪ್ರಕರಣ ನಡೆಯುತ್ತಿರುವಾಗ ಸರ್ಕಾರವು ತಿದ್ದುಪಡಿ ತಂದು ಆ ಪದದ ಜಾಗದಲ್ಲಿ ‘ವ್ಯಕ್ತಿ’ ಎಂಬ ಪದವನ್ನಿರಿಸಿತು. ಸಮುದಾಯವನ್ನು ಹೆಸರಿಸಿ ಶಂಕಿಸುವ ಭಾಷೆ ಅಲ್ಲಿಗೆ ಶಾಸನದಿಂದ ಹೊರಹೋಯಿತು.

ತೀರ್ಪು ಬಂದ ಮಾತ್ರಕ್ಕೆ ಬೀದಿಯ ಬದುಕು ಬದಲಾಗಲಿಲ್ಲ. 2014ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು ಹೊರಬಂದ ಏಳು ತಿಂಗಳಲ್ಲಿ, ಬೆಂಗಳೂರಿನ ಬೀದಿಗಳಿಂದ 167 ಮಂದಿಯನ್ನು ಹಿಡಿದು ಮಾಗಡಿ ರಸ್ತೆಯ ಭಿಕ್ಷುಕರ ಪುನರ್ವಸತಿ ಕೇಂದ್ರಕ್ಕೆ ಸಾಗಿಸಲಾಯಿತು. ಭಿಕ್ಷಾಟನೆ ನಿಷೇಧ ಕಾಯ್ದೆ, 1975 ಇದಕ್ಕೆ ಆಧಾರವಾಗಿತ್ತು. ಸಂಘಟನೆಗಳೂ ವಕೀಲರೂ ಒಟ್ಟಾಗಿ ಪ್ರತಿಭಟಿಸಿದರು.

ಉದ್ಯೋಗದ ಹಕ್ಕು ಮುಂದಿನ ಪ್ರಶ್ನೆಯಾಯಿತು. 2020ರಲ್ಲಿ ರಾಜ್ಯ ಪೊಲೀಸ್ ಇಲಾಖೆಯ ನೇಮಕಾತಿ ಅಧಿಸೂಚನೆಯಲ್ಲಿ ಪುರುಷ ಮತ್ತು ಮಹಿಳೆ ಎಂಬ ಎರಡೇ ಆಯ್ಕೆಗಳಿದ್ದುದನ್ನು ಸಂಗಮ ಸಂಸ್ಥೆಯು ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಇದರ ಫಲವಾಗಿ 2021ರ ಜುಲೈನಲ್ಲಿ ಸರ್ಕಾರವು ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು, ನೇರ ನೇಮಕಾತಿಯ ಸಿವಿಲ್ ಸೇವಾ ಹುದ್ದೆಗಳಲ್ಲಿ ಶೇ. 1ರಷ್ಟು ಸಮತಲ ಮೀಸಲಾತಿಯನ್ನು ನೀಡಿತು. ಪ್ರತಿಯೊಂದು ಮೀಸಲಾತಿ ಪ್ರವರ್ಗದೊಳಗೂ ಈ ಪಾಲು ಅನ್ವಯಿಸುವುದರಿಂದ ದಲಿತ ಅಥವಾ ಹಿಂದುಳಿದ ಜಾತಿಯ ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಜಾತಿಯ ಹಕ್ಕನ್ನು ಬಿಟ್ಟುಕೊಡಬೇಕಾಗಲಿಲ್ಲ.

5. ರಾಮನಗರ ಸೀಮೆಯ ಪ್ರಶ್ನೆ

2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನೊಳಗೊಂಡ ರಾಮನಗರ ಜಿಲ್ಲೆ ರಚನೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರಾಯಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದ ಬಣ್ಣದ ಆಟಿಕೆ, ಮಾಗಡಿಯ ಕೆಂಪೇಗೌಡರ ಕೋಟೆ ಪ್ರಸಿದ್ಧವಾಗಿವೆ. ನಾಲ್ಕೂ ಪಟ್ಟಣಗಳು ಬೆಂಗಳೂರಿನಿಂದ ಸುಮಾರು 50-60 ಕಿ.ಮೀ. ಅಂತರದಲ್ಲಿವೆ. ಈ ಸಾಮೀಪ್ಯಕ್ಕೆ ಎರಡು ಮುಖಗಳಿವೆ. ಮನೆಯಲ್ಲಿ ನೆಲೆ ಕಳೆದುಕೊಂಡವರಿಗೆ ಮಹಾನಗರ ಒಂದೆರಡು ಗಂಟೆಯ ದಾರಿ. ಆದರೆ ಊರಿನಲ್ಲಿಯೇ ಉಳಿದು ಬದುಕಬಯಸುವವರಿಗೆ ಸಂಘಟನೆ, ವಕೀಲ, ಹೈಕೋರ್ಟುಗಳೆಲ್ಲ ಆ ದಾರಿಯ ಇನ್ನೊಂದು ತುದಿಯಲ್ಲಿವೆ.

ಮೊದಲ ದಶಕದಲ್ಲಿ ಹೋರಾಟದ ಕಣ ಬೆಂಗಳೂರಿನ ಠಾಣೆ ಮತ್ತು ನ್ಯಾಯಾಲಯಗಳಾಗಿದ್ದವು. ಅನಂತರ ಹಕ್ಕುಗಳು ಜಿಲ್ಲಾ ಕಚೇರಿಯ ಕಡತಗಳಿಗೆ ಇಳಿದವು. 2013ರಲ್ಲಿ ಆರಂಭವಾದ ಮೈತ್ರಿ ಯೋಜನೆಯು ಮೊದಲಿಗೆ ಮಾಸಿಕ 500 ರೂ. ಸಹಾಯಧನವನ್ನು ಕಂದಾಯ ಇಲಾಖೆಯ ಮೂಲಕ ನೀಡಿತು. 2017ರಲ್ಲಿ ರಾಜ್ಯವು ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ನೀತಿಯೊಂದನ್ನು ಅಂಗೀಕರಿಸಿತು. 2020ರ ಜನವರಿ 10ರಂದು ಜಾರಿಗೆ ಬಂದ 2019ರ ಕೇಂದ್ರ ಕಾಯ್ದೆಯು ಗುರುತಿನ ಪ್ರಮಾಣಪತ್ರ ನೀಡುವ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿಗೆ ವಹಿಸಿತು. ಸ್ವಯಂನಿರ್ಧಾರದ ತತ್ತ್ವಕ್ಕೆ ಇದು ಧಕ್ಕೆ ತರುತ್ತದೆಂದು ಸಮುದಾಯದ ಸಂಘಟನೆಗಳು ಆಕ್ಷೇಪಿಸಿದವು. ಹೀಗೆ ದೆಹಲಿಯಲ್ಲಿ ಘೋಷಿತವಾದ ಹಕ್ಕು, ಮಾಗಡಿಯ ಅಥವಾ ಕನಕಪುರದ ವ್ಯಕ್ತಿಗೆ ಪ್ರಮಾಣಪತ್ರ, ಅಫಿಡವಿಟ್, ಆಧಾರ್, ಪಡಿತರ ಚೀಟಿ ಎಂಬ ಕಾಗದಗಳ ಸರಣಿಯಾಗಿ ಎದುರಾಯಿತು. ಶಾಲಾ ದಾಖಲೆಯಲ್ಲಿ ಒಂದು ಹೆಸರು, ಬದುಕಿನಲ್ಲಿ ಇನ್ನೊಂದು ಹೆಸರು ಇರುವಾಗ ಈ ಸರಣಿಯ ಮೊದಲ ಕೊಂಡಿಯೇ ಕಳಚುತ್ತದೆ. ಮನೆಯಿಂದ ಹೊರಹಾಕಲ್ಪಟ್ಟವರ ಬಳಿ ವಾಸಸ್ಥಳದ ದಾಖಲೆಯೂ ಇರುವುದಿಲ್ಲ.

2011ರ ಜನಗಣತಿಯು ಕರ್ನಾಟಕದಲ್ಲಿ 20,266 ಜನರನ್ನು ‘ಇತರೆ’ ಎಂಬ ಕಾಲಂನಲ್ಲಿ ಎಣಿಸಿತು. ಗಣತಿದಾರರ ಮುಂದೆ ತಮ್ಮನ್ನು ಹೇಳಿಕೊಂಡವರ, ಅಥವಾ ಮನೆಯವರು ಹೇಳಿದವರ ಲೆಕ್ಕವಿದು. ಸಣ್ಣ ಪಟ್ಟಣದಲ್ಲಿ ಹೇಳಿಕೊಳ್ಳುವುದರ ಬೆಲೆ ದೊಡ್ಡದು. ಆದ್ದರಿಂದ ತಾಲ್ಲೂಕಿನ ಸಲಹೆಗಾರನಿಗೆ ಕಾನೂನಿನ ತಿಳಿವಳಿಕೆಯಷ್ಟೇ ಗೋಪ್ಯತೆಯ ಪಾಲನೆಯೂ ಮುಖ್ಯವಾಗುತ್ತದೆ.

ಇದಕ್ಕೆ ಬೇಕಾದ ಚೌಕಟ್ಟು ಶಾಸನದಲ್ಲಿಯೇ ಇದೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987 ರಾಷ್ಟ್ರಮಟ್ಟದಿಂದ ತಾಲ್ಲೂಕು ಸಮಿತಿಯವರೆಗೆ ಉಚಿತ ನೆರವಿನ ಏರ್ಪಾಡನ್ನು ಕಲ್ಪಿಸಿದೆ. 2009ರಲ್ಲಿ ರಾಷ್ಟ್ರೀಯ ಪ್ರಾಧಿಕಾರವು ಅರೆಕಾನೂನು ಸ್ವಯಂಸೇವಕರ ಯೋಜನೆಯನ್ನು ರೂಪಿಸಿತು. 2014ರ ತೀರ್ಪಿಗೆ ಕಾರಣವಾದ ಅರ್ಜಿಯನ್ನು 2012ರಲ್ಲಿ ಸಲ್ಲಿಸಿದ್ದು ಇದೇ ಪ್ರಾಧಿಕಾರ ಎಂಬುದು ಗಮನಾರ್ಹ. ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಸಮುದಾಯದ ಪರವಾಗಿ ನಿಂತ ಸಂಸ್ಥೆಯ ಕೊನೆಯ ಕೊಂಡಿಯೇ ಚನ್ನಪಟ್ಟಣದ, ಕನಕಪುರದ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಸಮಿತಿ. ಸಮುದಾಯದವರೇ ಅಲ್ಲಿ ಸ್ವಯಂಸೇವಕರಾಗಿ ಕುಳಿತಾಗ ಎರಡು ದಶಕಗಳ ಸಲಹೆಯ ಚರಿತ್ರೆ ತನ್ನ ಗುರಿಯನ್ನು ಮುಟ್ಟುತ್ತದೆ.

ಉಪಸಂಹಾರ

ಸ್ವಯಂಸೇವಾ ಸಲಹೆಯ ಈ ಚರಿತ್ರೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಾಕ್ಷ್ಯವನ್ನು ಬರೆದಿಟ್ಟುದರಿಂದಲೇ ಹಕ್ಕಿನ ಬೇಡಿಕೆಗೆ ಬಲ ಬಂದಿತು. ಎರಡನೆಯದಾಗಿ, ಬರೆದವರು ಹೇಳಿದವರ ಸ್ಥಾನವನ್ನು ಆಕ್ರಮಿಸದಿದ್ದಾಗ ಮಾತ್ರ ಆ ಸಾಕ್ಷ್ಯ ನ್ಯಾಯಯುತವಾಯಿತು. ಮೂರನೆಯದಾಗಿ, ರಾಜಧಾನಿಯಲ್ಲಿ ಗೆದ್ದ ಹಕ್ಕು ತಾಲ್ಲೂಕಿನ ಕಚೇರಿಯ ಮುಂದೆ ಒಬ್ಬ ವ್ಯಕ್ತಿಯ ಕೈಯಲ್ಲಿನ ಕಾಗದವಾಗುವವರೆಗೆ ಅದು ಅಪೂರ್ಣ. 1871ರ ನೋಂದಣಿ ಪುಸ್ತಕದಲ್ಲಿ ಸರ್ಕಾರ ಬರೆದ ಹೆಸರುಗಳಿಗೂ ಇಂದಿನ ಅರ್ಜಿಯಲ್ಲಿ ಅರ್ಜಿದಾರರು ತಾವೇ ಬರೆಯುವ ಹೆಸರಿಗೂ ಇರುವ ವ್ಯತ್ಯಾಸವೇ ಈ ಹೋರಾಟದ ಸಾಧನೆ. ಆ ಹೆಸರನ್ನು ಅರ್ಜಿದಾರರ ಕೈಯಿಂದಲೇ ಬರೆಸುವುದು ಸಲಹೆಗಾರರ ಕೆಲಸ.