ಬಿನ್ನಹದಿಂದ ಹಕ್ಕಿನೆಡೆಗೆ: ನಮ್ಮ ಶಾಸನಸಭೆ ನಡೆದುಬಂದ ದಾರಿ

ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಶೂನ್ಯಸಿಂಹಾಸನವನ್ನೇರಿ ಅಧ್ಯಕ್ಷತೆ ವಹಿಸಿದ್ದರೆಂದೂ, ಕುಲ ಕಸುಬುಗಳ ಭೇದವಿಲ್ಲದೆ ಶರಣ ಶರಣೆಯರು ಅಲ್ಲಿ ಪ್ರಶ್ನಿಸುತ್ತಿದ್ದರೆಂದೂ ನಮ್ಮ ಪರಂಪರೆ ಹೇಳುತ್ತದೆ. ಅದು ಕಾನೂನು ರಚಿಸುವ ಸಭೆಯಲ್ಲ, ಅನುಭಾವದ ಗೋಷ್ಠಿ. ಆದರೂ ಪ್ರಶ್ನಿಸುವ ಅಧಿಕಾರ ಸರ್ವರಿಗೂ ಉಂಟೆಂಬ ತತ್ತ್ವವನ್ನು ಅದು ನಾಡಿಗೆ ತೋರಿಸಿತು. ಆ ತತ್ತ್ವವು ರಾಜ್ಯಾಡಳಿತದೊಳಕ್ಕೆ ಬಂದ ಬಗೆಯನ್ನು ವಾಚಕರು ಅರಿಯಬೇಕು.

1881ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಅಕ್ಟೋಬರ್ 7ರಂದು ಸೇರಿದ ಪ್ರಥಮ ಅಧಿವೇಶನದಲ್ಲಿ 144 ಸದಸ್ಯರಿದ್ದರು. ದಸರೆಯ ಸಮಯದಲ್ಲಿ ದಿವಾನರು ಆಡಳಿತದ ವರದಿಯನ್ನು ಓದುವರು. ಸದಸ್ಯರು ತಮ್ಮ ಸೀಮೆಯ ಕಷ್ಟಗಳನ್ನು ಬಿನ್ನವಿಸಿಕೊಳ್ಳುವರು. ಕೇಳಿಕೊಳ್ಳುವ ಅವಕಾಶವಿದ್ದಿತೇ ಹೊರತು ತೀರ್ಮಾನಿಸುವ ಅಧಿಕಾರವಿರಲಿಲ್ಲ. 1891ರಲ್ಲಿ ಚುನಾವಣೆ ಬಂದರೂ ಕಂದಾಯ, ಪದವಿ ಮೊದಲಾದ ಅರ್ಹತೆಯುಳ್ಳ ಕೆಲವರಿಗೆ ಮಾತ್ರ ಮತವಿದ್ದಿತು. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. 1923ರ ಸುಧಾರಣೆಯಿಂದ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರ ದೊರೆಯಿತು. 1949ರಲ್ಲಿ ಈ ಎರಡೂ ಸಭೆಗಳು ಕೊನೆಗೊಂಡವು.

ವಯಸ್ಕರೆಲ್ಲರ ಮತದಿಂದಾಯ್ದ ವಿಧಾನಸಭೆ ಮೊದಲು ಸೇರಿದ್ದು 1952ರ ಜೂನ್ 18ರಂದು. ಆಗ ಚುನಾಯಿತ ಸದಸ್ಯರು 99 ಮಂದಿ, 1956ರ ಏಕೀಕರಣದ ಬಳಿಕ 208, 1978ರಿಂದ 224. ಬಿಳಿಗೆರೆಯನ್ನೊಳಗೊಂಡ ತಿಪಟೂರು, ನೆರೆಯ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕ್ಷೇತ್ರಗಳು ತಲಾ ಒಬ್ಬರನ್ನು ಕಳುಹಿಸುತ್ತವೆ.

ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ವಿಧಾನಸಭೆಯ ಸದಸ್ಯರೂ, 25ನ್ನು ಗ್ರಾಮ ಪಂಚಾಯತಿ ಮುಂತಾದ ಸ್ಥಳೀಯ ಸಂಸ್ಥೆಗಳ ಸದಸ್ಯರೂ, 7ನ್ನು ಪದವೀಧರರೂ, 7ನ್ನು ಶಿಕ್ಷಕರೂ ತುಂಬುತ್ತಾರೆ. 11 ಮಂದಿ ನಾಮಕರಣಗೊಳ್ಳುತ್ತಾರೆ. ಈ ಸದನ ಎಂದಿಗೂ ವಿಸರ್ಜನೆಯಾಗದು. ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗ ನಿವೃತ್ತವಾಗುತ್ತದೆ.

ವಿಧಾನಸಭೆಯಲ್ಲಿ ಸಭಾಧ್ಯಕ್ಷರೂ ಪರಿಷತ್ತಿನಲ್ಲಿ ಸಭಾಪತಿಗಳೂ ಪೀಠವನ್ನಲಂಕರಿಸುವರು. ಮತಗಳು ಸಮವಾದಾಗಲಲ್ಲದೆ ಅವರು ಮತ ಚಲಾಯಿಸುವಂತಿಲ್ಲ. ಮಸೂದೆಯೊಂದು ಮಂಡನೆಯಾಗಿ, ಕಲಮುವಾರು ಪರಿಶೀಲನೆಗೊಳಗಾಗಿ, ಎರಡೂ ಸದನಗಳ ಒಪ್ಪಿಗೆ ಪಡೆದು ರಾಜ್ಯಪಾಲರ ಅಂಕಿತದಿಂದ ಕಾಯಿದೆಯಾಗುವುದು. ಹಣಕಾಸು ಮಸೂದೆ ವಿಧಾನಸಭೆಯಲ್ಲಿಯೇ ಹುಟ್ಟಬೇಕು. ಪರಿಷತ್ತು ಅದನ್ನು 14 ದಿನಗಳೊಳಗೆ ಹಿಂದಿರುಗಿಸಬೇಕು. ಜನರು ನೇರವಾಗಿ ಆರಿಸಿದ ಸದನಕ್ಕೇ ಬೊಕ್ಕಸದ ಕೀಲಿಕೈ ಸೇರಬೇಕೆಂಬುದು ಇದರ ಮರ್ಮ.

ಇವೆಲ್ಲ ತೆಂಗಿನ ತೋಟದವರಿಗೆ ದೂರದ ಮಾತೆಂದು ತಿಳಿಯಬಾರದು. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ನಡೆಯುವುದು 1966ರಲ್ಲಿ ಇದೇ ಶಾಸನಮಂಡಲ ರಚಿಸಿದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ತಳಹದಿಯ ಮೇಲೆ. ಕೊಬ್ಬರಿಯ ಬೆಂಬಲ ಬೆಲೆಯನ್ನು ಗೊತ್ತುಪಡಿಸುವುದು ಕೇಂದ್ರ ಸರ್ಕಾರವಾದರೂ, ಧಾರಣೆ ಕುಸಿದಾಗ, ನುಸಿಪೀಡೆ ಬಡಿದಾಗ ರಾಜ್ಯವೇನು ಮಾಡಿತೆಂದು ಶಾಸಕರು ಕೇಳಬಹುದು, ಮಂತ್ರಿಗಳು ಉತ್ತರಿಸಬೇಕು. ಅಂದು ದಿವಾನರ ಮುಂದೆ ಕೈಮುಗಿದು ಹೇಳಿಕೊಂಡದ್ದು ಇಂದು ಪ್ರಶ್ನೋತ್ತರ ಕಲಾಪದಲ್ಲಿ ಹಕ್ಕಾಗಿದೆ.

ಹಕ್ಕನ್ನು ಬಳಸದವನಿಗೆ ಅದು ಹೂಳಿಟ್ಟ ಹೊನ್ನಿನಂತೆ. ಮಠದ ಪ್ರಸಾದ ನಿಲಯಗಳಲ್ಲಿದ್ದು ಓದಿ ಪದವಿ ಪಡೆದವರು ಮುಖ್ಯವಾಗಿ ಗಮನಿಸತಕ್ಕದ್ದೊಂದುಂಟು. ತುಮಕೂರು ಜಿಲ್ಲೆ ಆಗ್ನೇಯ ಪದವೀಧರ ಕ್ಷೇತ್ರಕ್ಕೆ ಸೇರಿದೆ. ಅದರ ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧವಾಗುವುದರಿಂದ, ಹಿಂದೊಮ್ಮೆ ಹೆಸರಿದ್ದರೆ ಸಾಲದು. ಪದವಿಯಾಗಿ ಮೂರು ವರ್ಷ ಕಳೆದು, ಕ್ಷೇತ್ರದಲ್ಲಿ ವಾಸವಾಗಿರುವವರು ನಮೂನೆ 18ರಲ್ಲಿ ಪುನಃ ಅರ್ಜಿ ಸಲ್ಲಿಸಬೇಕು. ಹಾಗೆ ಮಾಡದವರ ಮತ ಕಂದಾಯವಿಲ್ಲದ ಅಂದಿನ ಬಡ ರೈತನ ಮತದಂತೆ ಇಲ್ಲವಾಗುತ್ತದೆ. ಆ ರೈತನಿಗೆ ಕಾನೂನೇ ಅಡ್ಡವಾಗಿದ್ದಿತು. ನಮಗೆ ಅಡ್ಡವಾಗುವುದು ನಮ್ಮ ಉದಾಸೀನವೊಂದೇ.

ಕಾಯಕವೆಂದರೆ ಹೊಟ್ಟೆಪಾಡಿನ ದುಡಿಮೆಯಷ್ಟೇ ಅಲ್ಲ, ಸಮಾಜದ ಹೊಣೆಯೂ ಹೌದು. ತಿಳಿದು ಮತ ನೀಡುವುದು, ಆರಿಸಿದವರನ್ನು ವಿನಯದಿಂದಲೂ ನಿರ್ಭಯದಿಂದಲೂ ಪ್ರಶ್ನಿಸುವುದು ಆ ಕಾಯಕದ ಅಂಗವೆಂದು ಸದ್ಭಕ್ತರು ಭಾವಿಸಲಿ.