ಗಿಟಾರಿನ ಪಕ್ಕದ ಹಲಗೆಗೆ ಒಳಗಿನ ಆಸರೆ

ಅಕೌಸ್ಟಿಕ್ ಗಿಟಾರಿನ ಪಕ್ಕದ ಹಲಗೆಯ ದಪ್ಪ ಸುಮಾರು 2 ಮಿಲಿಮೀಟರ್. ಬಿಸಿ ಕೊಟ್ಟು ಬಾಗಿಸಿದ ಈ ತೆಳು ಮರ ಸೀಳಿದರೆ ಎಳೆಗುಂಟವೇ ಸೀಳುತ್ತದೆ. ಅದಕ್ಕೇ ಒಳಬದಿಯಲ್ಲಿ, ಎಳೆಗೆ ಅಡ್ಡಲಾಗಿ, ಬಟ್ಟೆಯ ಇಲ್ಲವೇ ಮರದ ಪಟ್ಟಿಗಳನ್ನು ಅಂಟಿಸುತ್ತಾರೆ. ಬೇಸಿಗೆಯ ಉತ್ತರಗಾಳಿ ಮೆಲ್ಬರ್ನಿನ ಹವೆಯನ್ನು ಒಣಗಿಸುತ್ತದೆ. ಸಿಡ್ನಿಯ ಬೇಸಿಗೆಯಲ್ಲಿ ತೇವ ಹೆಚ್ಚು. ಒಣ ಹವೆಯಲ್ಲಿ ಮರ ಕುಗ್ಗುತ್ತದೆ, ತೇವದಲ್ಲಿ ಹಿಗ್ಗುತ್ತದೆ. ಎರಡೂ ಊರಿನ ವೇದಿಕೆಗಳಿಗೆ ಓಡಾಡುವ ವಾದ್ಯಕ್ಕೆ ಈ ಪಟ್ಟಿ ಅಲಂಕಾರವಲ್ಲ.

ಪಟ್ಟಿಯ ಭಾರ ನಾದವನ್ನು ಕುಗ್ಗಿಸುತ್ತದೆ ಎಂಬ ಆಕ್ಷೇಪವಿದೆ. ಆದರೆ ನಾದದ ಬಹುಪಾಲು ಹುಟ್ಟುವುದು ಮೇಲ್ಹಲಗೆಯಲ್ಲಿ. ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೊ ಡಿ ಟೊರೆಸ್ 1862ರಲ್ಲೇ ಪಕ್ಕ, ಬೆನ್ನುಗಳನ್ನು ಕಾಗದದ ರಟ್ಟಿನಿಂದ ಮಾಡಿ ಇದನ್ನು ತೋರಿಸಿದ್ದರು. ಆಸ್ಟ್ರೇಲಿಯಾದ ತಯಾರಕ ಗ್ರೆಗ್ ಸ್ಮಾಲ್‌ಮನ್ ಹಿಡಿದದ್ದು ತದ್ವಿರುದ್ಧ ದಾರಿ: ಪಕ್ಕಗಳು ದಪ್ಪ, ಗಡುಸು, ಮೇಲ್ಹಲಗೆ ಮಾತ್ರ ತೀರ ತೆಳು. ಮೆಲ್ಬರ್ನಿನಲ್ಲಿ ಹುಟ್ಟಿದ ಗಿಟಾರ್ ವಾದಕ ಜಾನ್ ವಿಲಿಯಮ್ಸ್ 1980ರ ದಶಕದಿಂದ ನುಡಿಸಿದ್ದು ಇಂಥ ಭಾರದ ಗಿಟಾರನ್ನೇ. ಭಾರವೇ ದೋಷವಾಗಿದ್ದರೆ ಅಂಥ ಕಿವಿಯವರು ಅದನ್ನು ಆರಿಸಿಕೊಳ್ಳುತ್ತಿರಲಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ: ಅಡ್ಡಲಾಗಿ ಅಂಟಿಸಿದ ಮರ, ಹಲಗೆ ಹಿಗ್ಗಿ ಕುಗ್ಗುವುದನ್ನು ತಡೆದು ತಾನೇ ಬಿರುಕಿಗೆ ಕಾರಣವಾಗಬಹುದು. ನಿಜ, ಪಟ್ಟಿಯ ತುದಿ ನಡುವೆಯೇ ನಿಂತರಂತೂ ಒತ್ತಡವೆಲ್ಲ ಅಲ್ಲೇ ಸೇರುತ್ತದೆ. ಹಾಗಾಗಿ ಪಟ್ಟಿ ತೆಳುವಾಗಿರಬೇಕು, ಮೇಲಿನ ಮತ್ತು ಕೆಳಗಿನ ಒಳ‌ಅಂಚುಗಳೆರಡನ್ನೂ ಮುಟ್ಟಬೇಕು.